ದಿನಕ್ಕೆ ಶೇ. 1 ಲಾಭ ಕೊಡುತ್ತೇನೆನ್ನುವ ಕ್ರಿಪ್ಟೊ ಆ್ಯಪ್: ಬಾಗಲಕೋಟೆಯಿಂದ ಒಂದು ವಿಮರ್ಶೆ

ಕಬ್ಬಿನ ಬಿಲ್ಲು ಜಮೆಯಾಗುವ ಹೊತ್ತಿಗೆ, ಇಲ್ಲವೇ ಕೃಷ್ಣಾ ಮೇಲ್ದಂಡೆ ಯೋಜನೆಯ ಪರಿಹಾರದ ಹಣ ಕೈಸೇರುವ ಹೊತ್ತಿಗೆ ನಮ್ಮ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೂಡಿಕೆಯ ಲಿಂಕ್‌ಗಳು ಹರಿದಾಡತೊಡಗುತ್ತವೆ. ಅಂಥ ಒಂದು ಲಿಂಕ್‌ನಿಂದ ಬಂದ ಕ್ರಿಪ್ಟೊ (ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ) ಆ್ಯಪನ್ನು, ನವನಗರದ ನಮ್ಮ ತೆರಿಗೆ ಸಲಹಾ ಕಚೇರಿಗೆ ಬರುವ ನಿವೃತ್ತ ಶಿಕ್ಷಕರೊಬ್ಬರ ಮೊಬೈಲಿನಲ್ಲಿ, ಅವರ ಒಪ್ಪಿಗೆ ಪಡೆದು ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸಿದ್ದೇನೆ. ಆ್ಯಪಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥವು ಹೆಸರು, ಲಾಂಛನ ಎರಡನ್ನೂ ಬದಲಿಸಿಕೊಂಡು ಮತ್ತೆ ಬರುವುದರಿಂದ ಅದು ಕೆಲಸ ಮಾಡುವ ರೀತಿಯನ್ನು ವಿವರಿಸುವುದೇ ಓದುಗರಿಗೆ ಹೆಚ್ಚು ಉಪಯುಕ್ತ.

ಹೊರನೋಟಕ್ಕೆ ಆ್ಯಪ್ ಚೆನ್ನಾಗಿದೆ. ಅದರಲ್ಲಿ ಕಾಣುವ ಬಿಟ್‌ಕಾಯಿನ್ ದರ ಮಾರುಕಟ್ಟೆಯ ನಿಜವಾದ ದರವೇ ಆಗಿದೆ, ಮತ್ತು ಓದುಬರಹ ಬಲ್ಲವರೂ ನಂಬುವುದು ಮುಖ್ಯವಾಗಿ ಈ ಕಾರಣಕ್ಕೆ. ಆದರೆ ದರವನ್ನು ಬೇರೆ ಕಡೆಯಿಂದ ತಂದು ತೋರಿಸುವುದು ಸುಲಭದ ಕೆಲಸ. ‘ನಿಮ್ಮ ಖಾತೆಯಲ್ಲಿರುವ ಮೊತ್ತ’ ಎಂದು ಕೆಳಗೆ ಕಾಣುವ ಅಂಕಿಯ ಹಿಂದೆ ನಾಣ್ಯ ಇದೆಯೇ ಎಂಬುದನ್ನು ತಿಳಿಯುವ ದಾರಿ ಮಾತ್ರ ಬಳಕೆದಾರನಿಗೆ ಎಲ್ಲಿಯೂ ಇಲ್ಲ. ಆ್ಯಪ್ ಪ್ಲೇ ಸ್ಟೋರ್‌ನಲ್ಲಿಯೂ ಸಿಗುವುದಿಲ್ಲ. ಗುಂಪಿನಲ್ಲಿ ಕಳಿಸಿದ ಎಪಿಕೆ ಫೈಲನ್ನು (ಆ್ಯಪನ್ನು ನೇರವಾಗಿ ಮೊಬೈಲಿಗೆ ಹಾಕುವ ಕಡತ), ಮೊಬೈಲಿನ ಎಚ್ಚರಿಕೆಯನ್ನು ಬದಿಗೊತ್ತಿ ಹಾಕಿಕೊಳ್ಳಬೇಕು.

ಹಣ ಕಟ್ಟುವ ಕ್ರಮ ಇನ್ನೂ ಸಂಶಯಾಸ್ಪದವಾಗಿದೆ. ಪ್ರತಿ ಸಲವೂ ಟೆಲಿಗ್ರಾಂನಲ್ಲಿರುವ ‘ಮಾರ್ಗದರ್ಶಕ’ರೊಬ್ಬರು ಹೊಸದೊಂದು ಯುಪಿಐ ಐಡಿ ಕೊಡುತ್ತಾರೆ, ಮತ್ತು ಹಣ ಪಡೆಯುವವರ ಹೆಸರು ಒಮ್ಮೆ ಬೇರೆ ರಾಜ್ಯದ ಬಟ್ಟೆ ಅಂಗಡಿಯದಾಗಿದ್ದರೆ ಇನ್ನೊಮ್ಮೆ ಯಾರೋ ವ್ಯಕ್ತಿಯದಾಗಿರುತ್ತದೆ. ನಾಲ್ಕು ಜನ ಕೂಡಿ ಭಿಶಿ (ಚೀಟಿ) ಹಾಕುವಾಗಲೂ ಹಣ ಯಾರ ಕೈಗೆ ಹೋಗುತ್ತದೆಂದು ನೋಡುವ ನಮ್ಮ ಜನ ಇಲ್ಲಿ ಅದನ್ನು ನೋಡದಿರುವುದು ನನಗೆ ಬಹಳ ಸಂಕಟದ ವಿಷಯ. 2023ರ ಮಾರ್ಚ್‌ನಿಂದ ಭಾರತದಲ್ಲಿ ಕ್ರಿಪ್ಟೊ ವಿನಿಮಯ ಸೇವೆ ನೀಡುವವರು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದು, ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕು. ಈ ಆ್ಯಪಿನಲ್ಲಿ ನೋಂದಣಿಯ ಮಾತಿರಲಿ, ಕಂಪನಿಯ ವಿಳಾಸವೂ ಇಲ್ಲ. ನೋಂದಣಿ ಇದ್ದ ಮಾತ್ರಕ್ಕೆ ಹಣ ಸುರಕ್ಷಿತವೆಂದು ತಿಳಿಯಬಾರದು ಎಂಬುದನ್ನೂ ಹೇಳಬೇಕು: 2024ರ ಜುಲೈಯಲ್ಲಿ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ 23 ಕೋಟಿ ಡಾಲರ್‌ಗೂ ಹೆಚ್ಚಿನ ಮೌಲ್ಯದ ಕ್ರಿಪ್ಟೊ ಕಳವಾಯಿತು.

“ಇದು ಚೈನ್ ಲಿಂಕ್ ಅಲ್ರೀ ಸರ್, ಖರೇನ ಟ್ರೇಡಿಂಗ್” ಎಂದು ಆ ಶಿಕ್ಷಕರಿಗೆ ಪರಿಚಯದವರು ಹೇಳಿದ್ದರಂತೆ. ಆದರೂ ಹೊಸಬರನ್ನು ಸೇರಿಸಿದವರಿಗೆ ಕಮಿಷನ್ ಇದೆ. ದಿನಕ್ಕೆ ಶೇ. 1ರಂತೆ ಲಾಭ ಅಸಲಿಗೆ ಸೇರುತ್ತಾ ಹೋದರೆ 1 ಲಕ್ಷ ರೂಪಾಯಿ ಒಂದು ವರ್ಷಕ್ಕೆ ಸುಮಾರು 37 ಲಕ್ಷ 78 ಸಾವಿರವಾಗಬೇಕು. ಯಾವ ವ್ಯಾಪಾರವೂ ಇದನ್ನು ಖಾತರಿಯಾಗಿ ಕೊಡಲಾರದು. ತಿಂಗಳಿಗೆ ಶೇ. 10ರಂತೆ 18 ತಿಂಗಳು ಕೊಡುತ್ತೇವೆಂದ ಗೇನ್‌ಬಿಟ್‌ಕಾಯಿನ್, 2018ರ ಜನವರಿಯಲ್ಲಿ ಕುಸಿದ ಬಿಟ್‌ಕನೆಕ್ಟ್ ಎಂಬ ಕ್ರಿಪ್ಟೊ ವಂಚನೆಯ ಯೋಜನೆಗಳೆರಡೂ ಇದೇ ಬಗೆಯ ಆಸೆಯನ್ನು ತೋರಿಸಿದ್ದವು.

ಹಣ ಹಿಂಪಡೆಯುವ ವಿಭಾಗವೇ ಈ ವಿಮರ್ಶೆಯ ಮುಖ್ಯ ವಿಷಯ. ಆರಂಭದಲ್ಲಿ 2,000 ರೂಪಾಯಿ ತೆಗೆದಾಗ ಅದು ಕೆಲವೇ ನಿಮಿಷಗಳಲ್ಲಿ ಶಿಕ್ಷಕರ ಬ್ಯಾಂಕ್ ಖಾತೆಗೆ ಬಂದಿತ್ತು, ಮತ್ತು ಆ ಒಂದು ಅನುಭವದ ಮೇಲೆ ಅವರು 3 ಲಕ್ಷದವರೆಗೆ ಹಾಕಿದರು. ಆ್ಯಪ್ 11 ಲಕ್ಷ ತೋರಿಸತೊಡಗಿದ ಮೇಲೆ ಪೂರ್ತಿ ಹಣ ಕೇಳಿದಾಗ, ಲಾಭದ 8 ಲಕ್ಷಕ್ಕೆ ಶೇ. 30ರಂತೆ 2 ಲಕ್ಷ 40 ಸಾವಿರ ‘ಭಾರತ ಸರ್ಕಾರದ ತೆರಿಗೆ’ಯನ್ನು ಮೊದಲು ಕಟ್ಟಬೇಕೆಂಬ ಸೂಚನೆ ಬಂತು. ತೆರಿಗೆ ಎಷ್ಟೆಂದು ಕೇಳಲು ಅವರು ನಮ್ಮಲ್ಲಿಗೆ ಬಂದದ್ದು ಈ ಕಾರಣಕ್ಕೆ. ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ. 30 ತೆರಿಗೆ ಇರುವುದು ನಿಜವಾದ್ದರಿಂದ ಸುಳ್ಳು ಇಲ್ಲಿ ಸತ್ಯದ ಪಕ್ಕದಲ್ಲಿಯೇ ಕುಳಿತಿದೆ. ಆದರೆ ಆ ತೆರಿಗೆಯನ್ನು ನಾವು ನಮ್ಮ ಪಾನ್ ಸಂಖ್ಯೆಯಲ್ಲಿ ನೇರವಾಗಿ ಆದಾಯ ತೆರಿಗೆ ಇಲಾಖೆಗೆ ಕಟ್ಟಿ ರಿಟರ್ನ್‌ನಲ್ಲಿ ತೋರಿಸುತ್ತೇವೆಯೇ ಹೊರತು ಯಾವ ಆ್ಯಪಿಗೂ ಮುಂಗಡ ಕೊಡುವುದಿಲ್ಲ. ವಿನಿಮಯ ಕೇಂದ್ರಗಳು ತೆರಿಗೆಯೆಂದು ಕಡಿತ ಮಾಡುವುದು ಮಾರಾಟದ ಮೊತ್ತದಲ್ಲಿ ಶೇ. 1 ಮಾತ್ರ, ಅದನ್ನೂ ನಮಗೆ ಬರಬೇಕಾದ ಹಣದಲ್ಲಿಯೇ ಮುರಿದುಕೊಳ್ಳುತ್ತವೆ, ಮತ್ತು ಅದು ನಮ್ಮ ಪಾನ್‌ಗೆ ಜಮೆಯಾದ ತೆರಿಗೆಯನ್ನು ತೋರಿಸುವ ಇಲಾಖೆಯ ಪಟ್ಟಿಯಲ್ಲಿ (26ಎಎಸ್) ಕಾಣುತ್ತದೆ. ನಾವು ತೆಗೆದು ನೋಡಿದ ಪಟ್ಟಿಯಲ್ಲಿ ಅಂಥ ಒಂದು ರೂಪಾಯಿಯೂ ಇರಲಿಲ್ಲ. ಖಾತೆಯಲ್ಲಿ 11 ಲಕ್ಷ ನಿಜವಾಗಿ ಇದ್ದರೆ ಅದರಲ್ಲಿಯೇ ಮುರಿದುಕೊಳ್ಳಬಹುದಲ್ಲ ಎಂದು ಕೇಳಿದ್ದಕ್ಕೆ, ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಯಂತ್ರದಿಂದ ಅನುವಾದಿಸಿದಂಥ ಕನ್ನಡದಲ್ಲಿ ಬಂತು. ಆ ಹಣವನ್ನು ಅವರು ಕಟ್ಟಲಿಲ್ಲ.

ಈ ಸೇವೆಗೆ ಒಂದು ಅಂಕವನ್ನೂ ಕೊಡಲಾರೆ. ಈಗಾಗಲೇ ಹಣ ಹಾಕಿದವರು ಮುಂದಿನ ಕಂತನ್ನು ನಿಲ್ಲಿಸಿ, ಆ್ಯಪನ್ನು ಅಳಿಸುವ ಮೊದಲು ಅದರ ಪರದೆಯ ಚಿತ್ರಗಳು, ಟೆಲಿಗ್ರಾಂ ಮಾತುಕತೆ, ಪ್ರತಿ ಪಾವತಿಯ ಯುಟಿಆರ್ ಸಂಖ್ಯೆ (ಬ್ಯಾಂಕಿನ ವಹಿವಾಟು ಸಂಖ್ಯೆ) ಇವನ್ನು ತೆಗೆದಿಟ್ಟುಕೊಳ್ಳಬೇಕು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮಧ್ಯದ ಖಾತೆಗಳಲ್ಲಿ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯಲು ಸಾಧ್ಯವಾಗುವುದು ದೂರು ಬೇಗ ತಲುಪಿದಾಗ ಮಾತ್ರ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು. ಕಳೆದುಹೋದ ಕ್ರಿಪ್ಟೊ ಮರಳಿ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಆಮೇಲೆ ಕರೆ ಮಾಡುವವರಿಗೂ ಹಣ ಕೊಡಬಾರದು.