ಕಾಲ್‌ಗೆ ಆಫೀಸ್ ಹೆಡ್‌ಸೆಟ್ಟೇ ಸರಿ, ಹಾಡಿಗೆ ಬೇರೆ ಇಟ್ಕೊಳ್ಳಿ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಮನೆಯಿಂದ ಕೆಲಸ ಮಾಡುವವರಿಗೆ ಗೊತ್ತು, ಹಾರ್ನ್ ಇಲ್ಲದೆ ಒಂದು ಆಫೀಸ್ ಕಾಲೂ ಮುಗಿಯುವುದಿಲ್ಲ. ನನ್ನ ಹತ್ತಿರ ಹಾಡು ಕೇಳೋಕೆ ತಗೊಂಡ ದುಬಾರಿ ಬ್ಲೂಟೂತ್ ಹೆಡ್‌ಫೋನ್ ಇತ್ತು, ಹೊರಗಿನ ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಬೇರೆ. ನನಗೆ ಹಾರ್ನ್ ಕೇಳಿಸುತ್ತಿರಲಿಲ್ಲ, ಆ ಕಡೆಯವರಿಗೆ ಪೂರ್ತಿ ಕೇಳಿಸುತ್ತಿತ್ತು! ಕ್ಯಾನ್ಸಲಿಂಗ್ ಇರುವುದು ನಮ್ಮ ಕಿವಿಗೆ, ಮೈಕ್ ಲೆಕ್ಕವೇ ಬೇರೆ ಅಲ್ವಾ? ಕಿವಿ ಹತ್ತಿರ ಕೂತ ಮೈಕ್‌ಗೆ ನಮ್ಮ ಬಾಯಿ ದೂರ, ರಸ್ತೆ ಸದ್ದು ಮಾತ್ರ ಜೋರು. ಜೊತೆಗೆ ಲ್ಯಾಪ್‌ಟಾಪ್‌ನಲ್ಲಿ ಬ್ಲೂಟೂತ್ ಮೈಕ್ ಆನ್ ಆದ ಕೂಡಲೇ ಹೆಡ್‌ಫೋನ್ ಹಾಡಿನ ಮೋಡ್ ಬಿಟ್ಟು ಕಾಲ್ ಮೋಡ್‌ಗೆ ಇಳಿಯುತ್ತದೆ, ಎಲ್ಲರ ದನಿಯೂ ಹಳೇ ಲ್ಯಾಂಡ್‌ಲೈನ್ ಥರ ಆಗಿಬಿಡುತ್ತದೆ.

ಈಗ ಬಳಸುತ್ತಿರುವುದು ಜಾಬ್ರಾ ಎವಾಲ್ವ್2 40 ಅನ್ನೋ ಆಫೀಸ್ ಹೆಡ್‌ಸೆಟ್. ಯುಎಸ್‌ಬಿ ವೈರ್ ಇದೆ, ಹಾಗಾಗಿ ಚಾರ್ಜಿಂಗ್ ತಲೆನೋವಿಲ್ಲ. ಬಾಯಿ ಮುಂದಕ್ಕೆ ಬರುವ ಉದ್ದ ಮೈಕ್, ಮೇಲೆತ್ತಿದರೆ ಮ್ಯೂಟ್. ಇದೊಂದಕ್ಕೇ ದುಡ್ಡು ಕೊಡಬಹುದು. ಕಾಲ್‌ನಲ್ಲಿದ್ದಾಗ ಕೆಂಪು ದೀಪ ಹತ್ತುತ್ತದೆ, ಅದನ್ನು ನೋಡಿಯೂ ಅಮ್ಮ "ಕಾಫಿ ಬೇಕೇನೋ" ಅಂತಾರೆ, ಅದು ಬಿಡಿ.

ಕೊರತೆ ಇಲ್ಲವೇ? ಇದೆ. ಕಿವಿಗೆ ನಾಯ್ಸ್ ಕ್ಯಾನ್ಸಲಿಂಗ್ ಇಲ್ಲ, ಕುಶನ್ ತಡೆದಷ್ಟೇ. ಬೇಸಿಗೆಯಲ್ಲಿ ಕಿವಿ ಬೆವರುತ್ತದೆ. ಎಂ.ಜಿ. ರಸ್ತೆಯಲ್ಲಿ ಕೇಳಿದ ಅಂಗಡಿಗಳಲ್ಲೆಲ್ಲ ಗೇಮಿಂಗ್ ಹೆಡ್‌ಸೆಟ್ ತೋರಿಸಿದರು, ಕೊನೆಗೆ ಆನ್‌ಲೈನ್‌ನಲ್ಲೇ ತರಿಸಿದೆ. ದಿನಕ್ಕೆ ಒಂದೆರಡು ಕಾಲ್ ಇರುವವರು ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ, ಮೈಕ್ ಇರುವ ವೈರ್ ಇಯರ್‌ಫೋನ್ ಸಾಕು.