ವಸಡಿಗೆ ಲೇಸರ್: ಮಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡವನ ಲೆಕ್ಕ

ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತಿದ್ದುದನ್ನು ನಾನು ಎರಡು ವರ್ಷ ಬ್ರಷ್ಷಿನ ತಪ್ಪೆಂದೇ ತಿಳಿದಿದ್ದೆ. ಬ್ರಷ್ ಬದಲಾಯಿಸಿದೆ, ಪೇಸ್ಟ್ ಬದಲಾಯಿಸಿದೆ, ಮನೆಯ ಹಿರಿಯರು ಹೇಳಿದಂತೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಕೋರಿ ರೊಟ್ಟಿಯನ್ನು ಗರಿಗರಿ ಇರುವಾಗಲೇ ತಿನ್ನುವ ಅಭ್ಯಾಸದವನಾದ ನನಗೆ ಒಂದು ಭಾನುವಾರ ಅದರ ಅಂಚು ಬಲಗಡೆಯ ಕೆಳದವಡೆಗೆ ತಾಗಿ ಹಲ್ಲೇ ಅಲುಗಿದಂತಾಯಿತು. ಉಳಿದ ರೊಟ್ಟಿಯನ್ನು ಸಾರಿನಲ್ಲಿ ಮೆತ್ತಗಾಗುವಷ್ಟು ನೆನೆಸಿ ನುಂಗಿದ ಮೇಲೆ, ಇನ್ನು ಮುಂದೂಡುವುದು ಸರಿಯಲ್ಲವೆನಿಸಿತು.

ಮೊದಲು ಹೋದದ್ದು, ‘ಲೇಸರ್ ಚಿಕಿತ್ಸೆ, ನೋವಿಲ್ಲ, ಹೊಲಿಗೆಯಿಲ್ಲ’ ಎಂದು ದೊಡ್ಡ ಫಲಕ ಹಾಕಿದ್ದ ಒಂದು ಕ್ಲಿನಿಕ್ಕಿಗೆ. ಅಲ್ಲಿ ಬಾಯಿಗೆ ಕನ್ನಡಿ ಹಾಕಿ ನೋಡಿದ್ದು ಎರಡು ನಿಮಿಷವೂ ಇರಲಿಕ್ಕಿಲ್ಲ, ಅಷ್ಟರಲ್ಲಿ ಇಡೀ ಬಾಯಿಗೆ ಲೇಸರ್ ಪ್ಯಾಕೇಜಿನ ದರಪಟ್ಟಿ ಕೈಗೆ ಬಂತು. ಎಕ್ಸ್‌ರೇ ಬೇಡವೇ ಎಂದು ಕೇಳಿದ್ದಕ್ಕೆ ‘ಅದೆಲ್ಲ ಆಮೇಲೆ ನೋಡುವ’ ಎಂಬ ಉತ್ತರ ದೊರೆಯಿತು. ಮೂವತ್ತು ವರ್ಷ ಸಹಕಾರಿ ಸಂಘವೊಂದರ ಲೆಕ್ಕ ಬರೆದ ನನಗೆ, ಆರಂಭದ ಶಿಲ್ಕೇ ಇಲ್ಲದೆ ಖಾತೆ ತೆರೆಯುವುದು ಸರಿಕಾಣಲಿಲ್ಲ. ಅಲ್ಲಿಂದ ಎದ್ದು ಬಂದೆ.

ಎರಡನೆಯದು ಕದ್ರಿಯ ಕಡೆಯ ಒಂದು ಸಣ್ಣ ಕ್ಲಿನಿಕ್. ನಾನಿಲ್ಲಿ ವಿಮರ್ಶಿಸುತ್ತಿರುವುದು ಮುಖ್ಯವಾಗಿ ಚಿಕಿತ್ಸೆಯನ್ನು. ಆದ್ದರಿಂದ ಕ್ಲಿನಿಕ್ಕಿನ ಹೆಸರನ್ನು ಬರೆಯುವುದಿಲ್ಲ. ವಸಡಿನ ತಜ್ಞೆಯಾದ ಅಲ್ಲಿನ ವೈದ್ಯೆ ಮೊದಲು ಕೇಳಿದ್ದು ಸಕ್ಕರೆ ಕಾಯಿಲೆ ಇದೆಯೇ, ಬೀಡಿ ಸಿಗರೇಟು ಅಥವಾ ಹೊಗೆಸೊಪ್ಪು ಹಾಕಿದ ಎಲೆ ಅಡಿಕೆಯ ಅಭ್ಯಾಸವಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆಯೇ ಎಂದು. ಸಕ್ಕರೆ ಇದೆ ಎಂದಾಗ ಮೂರು ತಿಂಗಳ ಸರಾಸರಿಯ ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದರು. ಸಕ್ಕರೆ ಹಿಡಿತದಲ್ಲಿರದಿದ್ದರೆ ವಸಡು ವಾಸಿಯಾಗುವುದು ನಿಧಾನ, ವಸಡಿನ ಸೋಂಕು ಹೆಚ್ಚಿದ್ದರೆ ಸಕ್ಕರೆಯನ್ನು ಹಿಡಿತಕ್ಕೆ ತರುವುದು ಕಷ್ಟ, ಎರಡೂ ಒಂದನ್ನೊಂದು ಎಳೆಯುತ್ತವೆ ಎಂಬುದನ್ನು ನನ್ನ ಸಕ್ಕರೆಯ ಡಾಕ್ಟರು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಆಮೇಲೆ ನಡೆದದ್ದು ಅಳತೆ. ಮಿಲಿಮೀಟರಿನ ಗುರುತುಗಳಿರುವ, ತುದಿ ಮೊಂಡಾದ ಸಣ್ಣ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವಿನ ಸಂದಿಗೆ ಇಳಿಸಿ, ಪ್ರತಿ ಹಲ್ಲಿಗೆ ಕೆನ್ನೆಯ ಬದಿಯಲ್ಲಿ ಮೂರು, ನಾಲಿಗೆಯ ಬದಿಯಲ್ಲಿ ಮೂರು ಕಡೆ ಆಳ ನೋಡಿ, ಅವರು ಅಂಕಿಗಳನ್ನು ಒಂದೇ ಸ್ವರದಲ್ಲಿ ಹೇಳುತ್ತಾ ಹೋದರು, ಸಹಾಯಕಿ ಬರೆದುಕೊಳ್ಳುತ್ತಾ ಹೋದಳು. ‘ತ್ರೀ, ಟು, ತ್ರೀ. ಫೈವ್, ಫೋರ್, ಸಿಕ್ಸ್.’ ಬಾಯಿ ತೆರೆದು ಮಲಗಿದವನಿಗೆ ಆರು ಎಂದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಒಂದರಿಂದ ಮೂರು ಮಿಲಿಮೀಟರ್ ಆರೋಗ್ಯದ ಅಳತೆ. ನಾಲ್ಕು ಮುಟ್ಟಿದರೆ ಅದನ್ನು ಪಾಕೆಟ್ ಎಂದು ಕರೆಯುತ್ತಾರೆ, ಅಲ್ಲಿಗೆ ಬ್ರಷ್ ತಲುಪುವುದಿಲ್ಲ. ಕಡ್ಡಿ ತಾಗಿದ ಕೂಡಲೇ ರಕ್ತ ಬಂದ ಜಾಗಗಳಿಗೆ ಕೆಂಪು ಚುಕ್ಕೆ. ನನ್ನ 28 ಹಲ್ಲುಗಳಿಗೆ 168 ಅಂಕಿಗಳಾದವು. ಅವುಗಳಲ್ಲಿ 41 ಕಡೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು, ಆ ಪೈಕಿ 9 ಕಡೆ ಆರು. ಎಕ್ಸ್‌ರೇಯಲ್ಲಿ ಕೆಳಗಿನ ಬಲದವಡೆಯ ಹಲ್ಲಿನ ಸುತ್ತ ಎಲುಬು ತಗ್ಗಿದ್ದು ನನ್ನ ಕಣ್ಣಿಗೂ ಕಾಣಿಸಿತು. ಈ ರೋಗ ಬಹುಕಾಲ ನೋಯುವುದಿಲ್ಲ, ಅದೇ ಅದರ ಕೆಟ್ಟ ಗುಣ.

ಚಿಕಿತ್ಸೆ ಎರಡು ದಿನ ನಡೆಯಿತು, ಒಂದು ದಿನ ಬಲಭಾಗ, ವಾರದ ನಂತರ ಎಡಭಾಗ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟೇ ಕೊಟ್ಟರು. ಲೇಸರಿಗೆ ಅದು ಬೇಡವೆಂದು ಫಲಕಗಳು ಹೇಳುವುದುಂಟು, ಆದರೆ ವಸಡಿನ ಕೆಳಗೆ ಬೇರಿಗಂಟಿ ಗಟ್ಟಿಯಾದ ಕೊಳೆಯನ್ನು, ಅಂದರೆ ಕಿಟ್ಟವನ್ನು, ಕೆರೆಯುವಾಗ ಅದಿಲ್ಲದೆ ತಡೆದುಕೊಳ್ಳುವುದು ಸುಲಭವಲ್ಲ. ಮೊದಲು ನೀರು ಚಿಮ್ಮುವ, ಕಂಪಿಸುವ ಯಂತ್ರ. ಅದರ ನಂತರ ಕೊಕ್ಕೆಯಂತೆ ಬಾಗಿದ ಕೈಸಲಕರಣೆಗಳು. ಮುಕ್ಕಾಲು ಗಂಟೆ ಇದೇ ನಡೆಯಿತು. ಹಲ್ಲಿನ ಬೇರಿನ ಮೇಲೆ ಉಕ್ಕು ಎಳೆಯುವ ಸದ್ದು ಕಿವಿಗಿಂತ ತಲೆಬುರುಡೆಗೇ ಕೇಳಿಸುತ್ತದೆ, ಮತ್ತು ಒರಟಾಗಿದ್ದ ಆ ಸದ್ದು ಕ್ರಮೇಣ ನುಣುಪಾಗುವುದು ಮಲಗಿದವನಿಗೂ ಗೊತ್ತಾಗುತ್ತದೆ.

ಲೇಸರ್ ಬಂದದ್ದು ಕೊನೆಗೆ. ಎಲ್ಲರೂ ಬಣ್ಣದ ಕನ್ನಡಕ ಹಾಕಿಕೊಂಡೆವು. ಗಾಳದ ನೂಲಿನಷ್ಟು ತೆಳುವಾದ ಎಳೆಯನ್ನು ಪಾಕೆಟ್ಟಿನೊಳಗೆ ಇಳಿಸಿ, ಒಂದೇ ಕಡೆ ನಿಲ್ಲಿಸದೆ ಮೇಲೆ ಕೆಳಗೆ ಆಡಿಸುತ್ತಾ, ಒಂದೊಂದು ಜಾಗಕ್ಕೆ ಕೆಲವೇ ಸೆಕೆಂಡು. ‘ಸುಟ್ಟ ವಾಸನೆ ಬರಬಹುದು ಸರ್, ಹೆದರಬೇಡಿ’ ಎಂದು ಮೊದಲೇ ಎಚ್ಚರಿಸಿದ್ದರು. ಕೂದಲು ಸುಟ್ಟಂತಹ ವಾಸನೆ ಬಂದದ್ದು ನಿಜ. ಒಂದು ಬದಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ಆ ಹತ್ತು ನಿಮಿಷಕ್ಕಾಗಿ ನಾನು ಕೊಟ್ಟದ್ದು 8,000 ರೂಪಾಯಿ. ಉಳಿದೆಲ್ಲ ಕೆಲಸಕ್ಕೆ 6,000. ವಿಮರ್ಶೆ ಬರೆಯಲು ಕೂತದ್ದು ಈ ಎರಡು ಅಂಕಿಗಳು ಅಕ್ಕಪಕ್ಕದಲ್ಲಿ ನಿಂತದ್ದರಿಂದ. ನನಗೆ ಬಳಸಿದ್ದು ಡಯೋಡ್ ಲೇಸರ್. ಅದು ವಸಡಿನ ಮೃದುಭಾಗಕ್ಕೆ ಶಾಖ ಕೊಟ್ಟು ಪಾಕೆಟ್ಟಿನ ಒಳಮೈಯ ರೋಗಗ್ರಸ್ತ ಪದರವನ್ನು ತೆಗೆಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತದೆ, ರಕ್ತ ಹೆಪ್ಪುಗಟ್ಟಿಸುತ್ತದೆ. ಗಟ್ಟಿಯಾದ ಕಿಟ್ಟವನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಅಂದರೆ ಕೈಸಲಕರಣೆಯ ಕೆಲಸ ಆಗದೆ ಬರೀ ಲೇಸರ್ ಹಾಯಿಸಿದರೆ ರೋಗದ ಮೂಲ ಬೇರಿನ ಮೇಲೆಯೇ ಉಳಿಯುತ್ತದೆ. ಎರ್ಬಿಯಂ ಎಂಬ ಬೇರೆ ಜಾತಿಯ ಲೇಸರ್ ಕಿಟ್ಟವನ್ನೂ ತೆಗೆಯಬಲ್ಲದು, ಆದರೆ ಆ ಯಂತ್ರ ಬಲು ದುಬಾರಿ. ಅಮೆರಿಕದ ವಸಡು ತಜ್ಞರ ಸಂಘದ 2018ರ ಅಭಿಪ್ರಾಯದಂತೆ, ವಸಡಿನ ಕೆಳಗಿನ ಕಿಟ್ಟ ಕೆರೆಯುವ ಮಾಮೂಲಿ ‘ಆಳದ ಕ್ಲೀನಿಂಗ್’ಗೆ ಲೇಸರ್ ಸೇರಿಸಿದಾಗ ಪಾಕೆಟ್ಟಿನ ಆಳದಲ್ಲಿ ಸಿಗುವ ಹೆಚ್ಚುವರಿ ಲಾಭ ಒಂದು ಮಿಲಿಮೀಟರಿಗಿಂತ ಕಡಿಮೆ. ಯುರೋಪಿನ ವಸಡು ತಜ್ಞರ ಒಕ್ಕೂಟದ 2020ರ ಮಾರ್ಗಸೂಚಿಯಂತೂ ಲೇಸರನ್ನು ಜೊತೆಗೆ ಸೇರಿಸದಿರುವುದೇ ಲೇಸೆನ್ನುತ್ತದೆ. ಇದನ್ನು ಮುಂದಿಟ್ಟು ಕೇಳಿದಾಗ ವೈದ್ಯೆ ಮುಚ್ಚುಮರೆ ಮಾಡಲಿಲ್ಲ. ‘ಕ್ಲೀನಿಂಗ್ ಮತ್ತು ನಿಮ್ಮ ಬ್ರಷ್ಷೇ ಮುಕ್ಕಾಲು ಪಾಲು ಸರ್, ಇದು ಮೇಲಿನ ಒಗ್ಗರಣೆ’ ಎಂದರು. ಆ ಮಾತನ್ನು ದುಡ್ಡು ಕಟ್ಟಿಸಿಕೊಳ್ಳುವ ಮೊದಲು ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು.

ಫಲಿತಾಂಶದಲ್ಲಿ ನನಗೆ ತಕರಾರಿಲ್ಲ. ಮೂರು ತಿಂಗಳ ನಂತರ ಅದೇ 168 ಜಾಗಗಳನ್ನು ಮತ್ತೆ ಅಳೆದಾಗ ನಾಲ್ಕು ಅಥವಾ ಹೆಚ್ಚಿದ್ದವು 41ರಿಂದ 12ಕ್ಕೆ ಇಳಿದಿದ್ದವು, ಆರರಲ್ಲಿ ಉಳಿದದ್ದು ಒಂದೇ. ಉಜ್ಜುವಾಗ ರಕ್ತ ನಿಂತಿತು, ಬಾಯಿವಾಸನೆ ಹೋಯಿತು ಎಂದು ಮನೆಯವಳು ಹೇಳಿದಳು. ಇದರಲ್ಲಿ ಲೇಸರಿನ ಪಾಲೆಷ್ಟು ಎಂದು ಬೇರ್ಪಡಿಸುವ ದಾರಿ ನನ್ನ ಬಾಯಿಯಲ್ಲಂತೂ ಇಲ್ಲ, ಏಕೆಂದರೆ ಎರಡೂ ಬದಿಗೆ ಎರಡೂ ಆಗಿದೆ. ಮುಂಚೆ ಹೊಳೆದಿದ್ದರೆ ಒಂದು ಬದಿಗೆ ಮಾತ್ರ ಲೇಸರ್ ಹಾಕಿಸುತ್ತಿದ್ದೆ.

ಯಾರೂ ಮುನ್ನೆಚ್ಚರಿಕೆ ಕೊಡದ ಸಂಗತಿಗಳು ಎರಡು. ವಸಡಿನ ಬಾವು ಇಳಿದಾಗ ಅದು ಕುಗ್ಗುತ್ತದೆ, ಹಲ್ಲುಗಳು ಉದ್ದವಾದಂತೆ ಕಾಣುತ್ತವೆ, ತೆರೆದುಕೊಂಡ ಬೇರಿಗೆ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಆರು ವಾರ ನಾನು ಎಳನೀರನ್ನೂ ಸ್ಟ್ರಾ ಬಳಸಿ ಒಂದೇ ಬದಿಯಿಂದ ಕುಡಿದೆ. ಇನ್ನೊಂದು, ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಚಹಾದ ಜೊತೆ ಸೇರಿ ಹಲ್ಲಿಗೆ ಕಂದುಬಣ್ಣ ಹಿಡಿಸಿತು. ಅದನ್ನು ತೆಗೆಯಲು ಇನ್ನೊಂದು ಭೇಟಿ. ಅಪಾಯಿಂಟ್‌ಮೆಂಟ್ ಕೊಟ್ಟ ಸಮಯಕ್ಕೆ ಒಳಗೆ ಕರೆದದ್ದು ಒಂದು ಬಾರಿ ಮಾತ್ರ. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ಷನ್ನು ಕನ್ನಡಿ ಹಿಡಿಸಿ, ನನ್ನ ಕೈಯಲ್ಲೇ ಮಾಡಿಸಿ ಕಲಿಸಿದ ಸಹಾಯಕಿಗೆ ಮಾತ್ರ ಪೂರ್ಣ ಅಂಕ.

ಖರ್ಚಿನ ಚಿಂತೆಯಿರುವವರಿಗೆ ನಮ್ಮ ಊರಿನಲ್ಲಿ ಆಯ್ಕೆಗಳಿಗೆ ಬರವಿಲ್ಲ. ದೇರಳಕಟ್ಟೆ, ಕುಂಟಿಕಾನ, ಲೈಟ್‌ಹೌಸ್ ಹಿಲ್ ರಸ್ತೆಗಳಲ್ಲಿ ದಂತ ಕಾಲೇಜುಗಳಿವೆ, ಉಡುಪಿಯ ಕಡೆಯವರಿಗೆ 1965ರಲ್ಲಿ ಆರಂಭವಾದ ಮಣಿಪಾಲದ ಕಾಲೇಜಿದೆ. ವಸಡಿನ ವಿಭಾಗದಲ್ಲಿ ಅಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳು ಈ ಆಳದ ಕ್ಲೀನಿಂಗನ್ನು ಕಡಿಮೆ ದರಕ್ಕೆ ಮಾಡುತ್ತಾರೆ, ಹೆಚ್ಚು ಹೊತ್ತು ಕೂರುವ ತಾಳ್ಮೆ ಬೇಕು ಅಷ್ಟೆ. ಎಲ್ಲಿಗೆ ಹೋದರೂ ಅಂಕಿಗಳ ಆ ಹಾಳೆಯ ಪ್ರತಿಯನ್ನು ಮೊದಲ ದಿನವೇ ಕೇಳಿ ಪಡೆಯಿರಿ.

ಆರರಲ್ಲೇ ನಿಂತ ಆ ಒಂದು ಜಾಗ, ಕೋರಿ ರೊಟ್ಟಿ ತಾಗಿದ ಹಲ್ಲಿನ ಬೇರುಗಳು ಕವಲೊಡೆಯುವಲ್ಲಿದೆ. ಅಲ್ಲಿಗೆ ಇನ್ನೊಮ್ಮೆ ಲೇಸರ್ ಬೇಡವೆಂದು ನಾನೂ, ಅದರಿಂದ ಪ್ರಯೋಜನವಿಲ್ಲವೆಂದು ವೈದ್ಯೆಯೂ ಒಪ್ಪಿದ್ದೇವೆ. ದೀಪಾವಳಿ ಕಳೆದ ಮೇಲೆ ವಸಡನ್ನು ಬಿಡಿಸಿ, ಕಣ್ಣಿಗೆ ಕಾಣುವಂತೆ ಶುಚಿಗೊಳಿಸಿ ಹೊಲಿಗೆ ಹಾಕುವುದೆಂದು ದಿನ ಗೊತ್ತಾಗಿದೆ.