ಅಕ್ಕಿ ಮಿಲ್ಲಿನ ಲೆಕ್ಕ ಬಿಟ್ಟ ಮೇಲೆ ಸಿಕ್ಕ ಕುಂಚ: ಕ್ರಿತಾ

ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ 9 ವರ್ಷ ಲೆಕ್ಕ ಬರೆದೆ. ಈಗ ಚಿತ್ರಗಳಲ್ಲಿ ಕಥೆ ಹೇಳುತ್ತೇನೆ, ಕ್ರಿತಾ ಎಂಬ ತಂತ್ರಾಂಶದಲ್ಲಿ. ಇಳಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಸಂಬಳ ನಿಂತ ಮೊದಲ ತಿಂಗಳಲ್ಲಿ ಅದು ದೊಡ್ಡ ಮಾತು, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಗೆರೆಯ ನಡುಕ ತಡೆಯುವ ಸ್ಟೆಬಿಲೈಸರ್. ಹಿರೇಬೆಣಕಲ್‌ನ ಮೋರ್ಯರ ಗುಡ್ಡದಲ್ಲಿರುವ, ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಪುರಾತನ ಕಲ್ಮನೆಗಳನ್ನು ಬಿಡಿಸುವಾಗ ಕೈ ಅಲುಗುತ್ತಿತ್ತು. ಇದನ್ನು ಹಾಕಿದ ಮೇಲೆ ಚಪ್ಪಡಿಯ ಅಂಚು ಒಂದೇ ಎಳೆತಕ್ಕೆ ಬಂತು. ಚಿತ್ರವನ್ನು ಲೇಯರ್, ಅಂದರೆ ಒಂದರ ಮೇಲೊಂದು ಕೂರುವ ಪದರಗಳಲ್ಲಿ ಬಿಡಿಸಬಹುದು: ಕಲ್ಲು ಒಂದು ಲೇಯರ್, ನೆರಳು ಇನ್ನೊಂದು. ಬೆಳಗನ್ನು ಸಂಜೆ ಮಾಡಬೇಕಾದರೆ ಬಣ್ಣದ ಲೇಯರ್ ಬದಲಿಸಿದರೆ ಸಾಕು. ಅಲ್ಲಿನ ಬಂಡೆಚಿತ್ರಗಳ ಕೆಮ್ಮಣ್ಣಿನ ಕೆಂಪಿಗೆ ಒಣ ಕುಂಚ ಎಷ್ಟು ಚೆನ್ನಾಗಿ ಹೊಂದಿತು!

ನನ್ನ 4 ಜಿಬಿ ರ‍್ಯಾಮ್‌ನ ಹಳೆ ಲ್ಯಾಪ್‌ಟಾಪ್ ದೊಡ್ಡ ಪುಟಕ್ಕೆ ತಡವರಿಸುತ್ತದೆ. ಪೆನ್ ಟ್ಯಾಬ್ಲೆಟ್, ಅಂದರೆ ಪೆನ್ನಿನಿಂದ ಬರೆದದ್ದನ್ನು ಕಂಪ್ಯೂಟರಿಗೆ ಕಳಿಸುವ ಹಲಗೆ, ಮಾತ್ರ ಬೇಕೇ ಬೇಕು. ಮೌಸ್‌ನಲ್ಲಿ ಒತ್ತಿದಷ್ಟು ದಪ್ಪಗೆ ಗೆರೆ ಮೂಡುವುದಿಲ್ಲ.